ಅಂಗಳದ ಕೆಲಸ ಊರಿನ ಕೆಲಸವಾಗುವ ಬಗೆ

ಗಂಗಾವತಿ ತಾಲ್ಲೂಕಿನ ಓದುಗರೊಬ್ಬರು, ಹಿಮಶಿಲ್ಪಗಳ ಕುರಿತು ನಾವು ಪ್ರಕಟಿಸಿದ್ದ ಸಚಿತ್ರ ಲೇಖನವನ್ನು ಓದಿ, ಎರಡು ಪ್ರಶ್ನೆ ಕೇಳಿದ್ದಾರೆ. ಬಿಡುವಿನ ವೇಳೆಯಲ್ಲಿ ಹಿಮ ಕೆತ್ತುವ ಹವ್ಯಾಸಿಯೊಬ್ಬ ಊರಿಗೆ ಊರೇ ಸೇರುವ ಉತ್ಸವವನ್ನು ಹುಟ್ಟುಹಾಕುವುದು ಹೇಗೆ ಸಾಧ್ಯ? ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ತಮ್ಮ ಅಂಗಳದಲ್ಲಿ ಆಳೆತ್ತರದ ಮಣ್ಣಿನ ಎತ್ತು ಮಾಡುವ ತಾವು, ನೋಡಿ ಹೊಗಳಿ ಹೋಗುವ ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದು ಹೇಗೆ?

ಮಾನ್ಯರೇ,

ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ, ಅದು ಕಲಾವಿದನ ಪ್ರತಿಭೆಯಲ್ಲಿಲ್ಲ, ಅವನು ಬಳಸುವ ಸಾಮಗ್ರಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಒಬ್ಬನೇ ಕುಳಿತು ಮಾಡಬಹುದಾದ ಹಿಮದ ಮೂರ್ತಿಗೆ ಒಂದು ಮಿತಿ ಇದೆ. ಆಗ ತಾನೇ ಬಿದ್ದ ಹಿಮ ಒಂದು ಘನ ಮೀಟರಿಗೆ ಸುಮಾರು 100 ಕಿಲೋ ಮಾತ್ರ ತೂಗುವಷ್ಟು ಹಗುರ. ಅದರಲ್ಲಿ ಉಳಿ ಆಡಿಸಿದರೆ ಪುಡಿಯಾಗಿ ಉದುರುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದ ಬ್ರೆಕೆನ್‌ರಿಜ್‌ನಲ್ಲಿ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಯನ್ನೇ ನೋಡಿ. ಅಲ್ಲಿ ಯಂತ್ರದಿಂದ ತಯಾರಿಸಿದ ಹಿಮವನ್ನು ದೊಡ್ಡ ಚೌಕಟ್ಟುಗಳಿಗೆ ತುಂಬಿ, ಊರಿನ ಸ್ವಯಂಸೇವಕರು ಒಳಗಿಳಿದು ಕಾಲಿನಿಂದ ತುಳಿದು ತುಳಿದು, 12 ಅಡಿ ಎತ್ತರದ, 20 ಟನ್ನಿಗೂ ಮಿಕ್ಕಿದ ಗಟ್ಟಿಗಳನ್ನು ಸಿದ್ಧಪಡಿಸುತ್ತಾರೆ. ತುಳಿತಕ್ಕೆ ಸಿಕ್ಕ ಹರಳುಗಳು ಒಂದಕ್ಕೊಂದು ತಗುಲಿದ ಕಡೆ ಬೆಸೆದುಕೊಂಡು, ಗಟ್ಟಿಯು ಕೆತ್ತನೆಯನ್ನು ತಡೆದುಕೊಳ್ಳುವಷ್ಟು ಬಿಗಿಯಾಗುತ್ತದೆ. ಅದಾದ ಮೇಲಷ್ಟೇ ನಾಲ್ವರ ತಂಡ ಕೆಲಸ ಆರಂಭಿಸುತ್ತದೆ, ಅದೂ ಕೈ ಉಪಕರಣಗಳಿಂದ ಮಾತ್ರ. ಒಳಗೆ ಆಧಾರದ ಕಂಬಿ ಇಡುವಂತಿಲ್ಲ, ಬಣ್ಣ ಹಚ್ಚುವಂತಿಲ್ಲ. ಅಂದರೆ ಶಿಲ್ಪಿಯ ಉಳಿ ತಾಗುವ ಮೊದಲೇ ಅರ್ಧ ಊರು ದುಡಿದಿರುತ್ತದೆ. ದೊಡ್ಡದನ್ನು ಮಾಡಬೇಕೆಂದು ಹಂಬಲಿಸಿದ ಹವ್ಯಾಸಿ, ಬಯಸಲಿ ಬಿಡಲಿ, ತುಳಿಯುವವರನ್ನೂ ಜಾಗ ಕೊಡುವವರನ್ನೂ ಬಿಸಿ ಊಟ ತರುವವರನ್ನೂ ಹುಡುಕಿಕೊಂಡು ಹೋಗಲೇಬೇಕಾಗುತ್ತದೆ, ಹಾಗೆ ಹೋದಾಗಲೇ ಅವನು ಸಂಘಟಕನಾಗುತ್ತಾನೆ.

ಇನ್ನೊಂದು ಕಾರಣವೂ ಉಂಟು. ನಮ್ಮ ಕಿನ್ನಾಳದ ಗೊಂಬೆಯನ್ನು ಕೊಂಡು ಮನೆಯ ಗೂಡಿನಲ್ಲಿ ಇಡಬಹುದು. ಹಿಮದ ಮೂರ್ತಿಯನ್ನು ಮಾರಲಾಗದು, ಕೂಡಿಡಲಾಗದು. ನೋಡಬೇಕೆಂದವರು ಅದು ಕರಗುವ ಮೊದಲು, ಅದು ಇರುವಲ್ಲಿಗೇ ಬರಬೇಕು. ಹೀಗೆ ದಿನವೂ ಸ್ಥಳವೂ ತಾವಾಗಿಯೇ ಗೊತ್ತಾಗಿಬಿಡುತ್ತವೆ.

ಜಪಾನಿನ ಸಪ್ಪೋರೊ ನಗರದ ಹಿಮೋತ್ಸವದ ಆರಂಭ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. 1950ರಲ್ಲಿ ಅಲ್ಲಿನ ಶಾಲಾ ವಿದ್ಯಾರ್ಥಿಗಳು ಒದೋರಿ ಉದ್ಯಾನದಲ್ಲಿ ಆರು ಹಿಮಮೂರ್ತಿಗಳನ್ನು ನಿಲ್ಲಿಸಿದರು. ಅವರು ಹೆಸರಾಂತ ಶಿಲ್ಪಿಗಳಲ್ಲ. ಅವರು ಆರಿಸಿದ್ದಾದರೂ ಊರಿನವರು ಬೀದಿಯ ಹಿಮವನ್ನು ತಂದು ಸುರಿಯುತ್ತಿದ್ದ ಜಾಗ. ಯಾರಿಗೂ ಬೇಡವಾದದ್ದೇ ಅವರಿಗೆ ಬಿಟ್ಟಿ ಸಾಮಗ್ರಿಯಾಯಿತು. ಜಪಾನಿನ ಆತ್ಮರಕ್ಷಣಾ ಪಡೆ ಬೃಹತ್ ಮೂರ್ತಿ ಕಟ್ಟಲು ಕೈಜೋಡಿಸಿದ್ದು 1955ರಲ್ಲಿ, ಹೊರದೇಶಗಳ ಗಮನ ಅತ್ತ ಹರಿದದ್ದು 1972ರ ಚಳಿಗಾಲದ ಒಲಿಂಪಿಕ್ಸ್‌ನ ಸಮಯದಲ್ಲಿ, ಅಂತರರಾಷ್ಟ್ರೀಯ ಸ್ಪರ್ಧೆ ಸೇರಿಕೊಂಡದ್ದು 1974ರಲ್ಲಿ. ಮೊದಲ ಆರು ಮೂರ್ತಿಗಳಿಗೂ ಈ ಸ್ಪರ್ಧೆಗೂ ನಡುವೆ ಇಪ್ಪತ್ನಾಲ್ಕು ವರ್ಷಗಳ ಅಂತರವಿದೆ ಎಂಬುದನ್ನು ಗಮನಿಸಿ. ನಮ್ಮ ಕಡೆ ಮೊದಲ ವರ್ಷವೇ ಪ್ರಥಮ, ದ್ವಿತೀಯ, ಸಮಾಧಾನಕರ ಬಹುಮಾನ ಘೋಷಿಸಿ, ವೇದಿಕೆಗೆ ಅತಿಥಿಗಳನ್ನು ಕರೆದು, ಅವರ ಭಾಷಣ ಮುಗಿಯುವುದರೊಳಗೆ ಮಕ್ಕಳ ಕೈಯ ಮಣ್ಣು ಒಣಗಿಹೋಗುವುದನ್ನು ನಾನೂ ನೀವೂ ಬೇಕಾದಷ್ಟು ನೋಡಿದ್ದೇವೆ.

ನಮ್ಮ ದೇಶದಲ್ಲೇ ಹತ್ತಿರದ ಉದಾಹರಣೆ ಬೇಕೆಂದರೆ ಒಡಿಶಾದ ಸುದರ್ಶನ್ ಪಟ್ನಾಯಕ್ ಅವರಿದ್ದಾರೆ. ಪುರಿಯ ಕಡಲತೀರದಲ್ಲಿ ಬಾಲ್ಯದಿಂದ ತಾವಾಗಿಯೇ ಮರಳಿನ ಕೆಲಸ ಕಲಿತ ಅವರು, 2014ರಲ್ಲಿ ಪದ್ಮಶ್ರೀ ಬರುವುದಕ್ಕೆ ಎಷ್ಟೋ ಮೊದಲೇ ಅಲ್ಲಿಯೇ ಇತರರಿಗೆ ಕಲಿಸಲು ತೊಡಗಿದ್ದರು. ಇಂದು ಕೋಣಾರ್ಕದ ಬಳಿಯ ಚಂದ್ರಭಾಗಾ ತೀರದಲ್ಲಿ ಅಂತರರಾಷ್ಟ್ರೀಯ ಮರಳು ಶಿಲ್ಪೋತ್ಸವವೇ ನಡೆಯುತ್ತದೆ.

ನಿಮ್ಮ ಎತ್ತಿನ ವಿಷಯಕ್ಕೆ ಬರುತ್ತೇನೆ. ದಿನವನ್ನು ನೀವು ಹುಡುಕಬೇಕಾಗಿಲ್ಲ. ಅಮಾವಾಸ್ಯೆ ಅದನ್ನು ಕೊಟ್ಟಿದೆ, ಅಂದು ಪ್ರತಿ ಮನೆಗೂ ಜೋಡೆತ್ತು ಬರುತ್ತವೆ. ನಿಮಗೆ ಕೊರತೆಯಾಗಿರುವುದು ತುಳಿಯುವ ಜನ. ಸಿದ್ಧವಾದ ಎತ್ತನ್ನು ತೋರಿಸಲು ಕರೆದರೆ ಜನ ನೋಡಿ ಹೋಗುತ್ತಾರೆ, ಮಣ್ಣು ತುಳಿಯಲು ಕರೆದರೆ ಉಳಿಯುತ್ತಾರೆ. ಆದ್ದರಿಂದ ಎತ್ತನ್ನು ಅಂಗಳದಿಂದ ಶಾಲೆಯ ಬಯಲಿಗೋ ಗುಡಿಯ ಮುಂದಕ್ಕೋ ತನ್ನಿ, ಹಬ್ಬಕ್ಕೆ ವಾರವಿರುವಾಗಲೇ ಮಣ್ಣು ನೆನೆಹಾಕಿ. ಬರೀ ಎರೆಮಣ್ಣಿನಲ್ಲಿ ಆಳೆತ್ತರದ ಮೂರ್ತಿ ಮಾಡಿದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ ಎಂಬುದು ನಿಮಗೆ ತಿಳಿದೇ ಇದೆ. ಮರಳನ್ನೂ ಹೊಟ್ಟನ್ನೂ ಬೆರೆಸಿದರೆ ಬಿರುಕು ಕಡಿಮೆಯಾಗುತ್ತದೆ, ಭತ್ತದ ನಾಡಾದ ಗಂಗಾವತಿಯಲ್ಲಿ ಹೊಟ್ಟಿಗಂತೂ ಬರವಿಲ್ಲ. ನಿಮ್ಮ ಊರಿನ ಕುಂಬಾರರನ್ನು ಮೊದಲೇ ಕಂಡು ಮಾತನಾಡಿ. ಅವರ ಹಬ್ಬದ ವ್ಯಾಪಾರಕ್ಕೆ ನಿಮ್ಮ ಉತ್ಸವ ಅಡ್ಡಬರಬಾರದು, ಜೊತೆಗೆ ಮಣ್ಣಿನ ಹದ ಹೇಳಲು ಅವರಿಗಿಂತ ಬಲ್ಲವರು ನಿಮಗೆ ಸಿಗಲಾರರು.

ಇಷ್ಟು ಮಣ್ಣು ಎಲ್ಲಿಂದ ಎಂದು ನೀವು ಕೇಳಬಹುದು. ಸಪ್ಪೋರೊದ ಹುಡುಗರಿಗೆ ಬೀದಿಯ ಹಿಮ ಸಿಕ್ಕಂತೆ ನಿಮಗೆ ಕೆರೆಯ ಹೂಳಿದೆ. ಅದನ್ನು ಎತ್ತಲು ಗ್ರಾಮ ಪಂಚಾಯಿತಿಯನ್ನು ಕೇಳಿ, ಲಿಖಿತ ಒಪ್ಪಿಗೆಯನ್ನೇ ಪಡೆಯಿರಿ. ಅರ್ಜಿಯನ್ನು ಬೇಸಿಗೆಯಲ್ಲಿಯೇ ಕೊಡುವುದು ಮೇಲು, ಏಕೆಂದರೆ ಮುಂಗಾರು ಬೇಗ ಹಿಡಿದು ಕೆರೆಗೆ ನೀರು ಬಂದರೆ, ಒಪ್ಪಿಗೆಯ ಕಾಗದವಿದ್ದರೂ ಹೂಳು ನಿಮ್ಮ ಕೈಗೆ ಸಿಗುವುದಿಲ್ಲ.

— ಸಂಪಾದಕ