ಕೈಹಿಡಿದು ನಡೆಸುವವರೇ ಎಲ್ಲ, ಜೊತೆಗೆ ಆಡುವವರಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಹುಡುಗಿಗೆ ಹದಿನಾರು ವರ್ಷ. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನವಳು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯಲು ಅವಳೂ ತಾಯಿಯೂ ಒಪ್ಪಿದ್ದಾರೆ.

ಅವಳಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುವ, ನೋಟ ನಿಧಾನವಾಗಿ ಕುಗ್ಗಿಸುವ ಕಣ್ಣಿನ ಕಾಯಿಲೆ ಇದೆ. ಮೊದಲು ಇರುಳುಗುರುಡು ಬಂತು. ಆಮೇಲೆ ಅಂಚಿನ ನೋಟ ಕಮ್ಮಿಯಾಗುತ್ತಾ ಬಂದು, ಈಗ ಎದುರಿಗಿರುವ ಸ್ವಲ್ಪ ಭಾಗ ಮಾತ್ರ ಕಾಣುತ್ತದೆ. ಹತ್ತನೇ ತರಗತಿ ಮುಗಿದ ಮೇಲೆ ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ್ದಳು. "ಎಲ್ಲರೆ ಬಿದ್ದಗಿದ್ದಾಳಂತ ನಾನ ಬಿಡೂದಿಲ್ರಿ ಮೇಡಂ" ಅಂದರು ತಾಯಿ. ಹುಡುಗಿಯ ಸಂಕಟ ಬೇರೆಯೇ ಇತ್ತು. ಶಾಲೆಯಲ್ಲಿ ಗೆಳತಿಯರು ಅವಳ ಕೈಹಿಡಿದು ತರಗತಿಗೆ ಬಿಡುತ್ತಿದ್ದರು, ಊಟಕ್ಕೆ ಕೂರಿಸುತ್ತಿದ್ದರು. ಆಟದ ಪೀರಿಯಡ್‌ನಲ್ಲಿ ಮಾತ್ರ ಬ್ಯಾಗು ಕಾಯಲು ಕೂರಿಸಿ ಹೋಗುತ್ತಿದ್ದರು. ಯಾರೂ ಕೆಟ್ಟವರಲ್ಲ. ಆದರೆ ಆಟಕ್ಕೆ ಯಾರಿಗೂ ಅವಳು ಬೇಕಿರಲಿಲ್ಲ.

ನಾನು ಜೂಡೋ ಸೂಚಿಸಿದೆ. ಕಾರಣ ಇದೆ. 1882ರಲ್ಲಿ ಜಪಾನಿನ ಜಿಗೊರೊ ಕಾನೊ ಕಟ್ಟಿದ ಈ ಕಲೆಯ ಪಂದ್ಯದಲ್ಲಿ ಗುದ್ದು, ಒದೆತ ಇಲ್ಲ. ಹಿಡಿಯುವುದು, ಎಸೆಯುವುದು, ನೆಲಕ್ಕೆ ಒತ್ತುವುದೇ ಮುಖ್ಯ. ದೃಷ್ಟಿದೋಷ ಇರುವವರ ಪಂದ್ಯದಲ್ಲಿ ಇಬ್ಬರೂ ಒಬ್ಬರ ಅಂಗಿಯನ್ನು ಒಬ್ಬರು ಹಿಡಿದ ಮೇಲೆಯೇ ಆಟ ಶುರು. ಹಿಡಿತ ತಪ್ಪಿ ದೂರವಾದರೆ ರೆಫರಿ ನಿಲ್ಲಿಸಿ ಮತ್ತೆ ಹಿಡಿಸುತ್ತಾರೆ. ಎದುರಾಳಿ ಎತ್ತ ವಾಲುತ್ತಿದ್ದಾಳೆ ಅನ್ನೋದು ಕೈಗೆ ತಿಳಿಯುತ್ತದೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಇದು 1988ರಿಂದ ಇದೆ, ಮಹಿಳೆಯರಿಗೆ 2004ರಿಂದ. 2024ರ ಪ್ಯಾರಿಸ್‌ನಲ್ಲಿ ಮಧ್ಯಪ್ರದೇಶದ ಕಪಿಲ್ ಪರ್ಮಾರ್ ಕಂಚು ಗೆದ್ದರು. ಭಾರತಕ್ಕೆ ಅದು ಜೂಡೋದ ಮೊದಲ ಪ್ಯಾರಾಲಿಂಪಿಕ್ ಪದಕ. ತಾಯಿಗೆ ಈ ಸುದ್ದಿ ಹೇಳಿದ್ದು ಪದಕದ ಆಸೆ ಹುಟ್ಟಿಸಲು ಅಲ್ಲ, ಇಂಥ ದಾರಿ ಇದೆ ಅಂತ ನಂಬಲಿ ಅಂತ.

ಮೊದಲ ಸಲಹೆ, ಕಣ್ಣಿನ ಡಾಕ್ಟರನ್ನು ಕೇಳದೆ ಮ್ಯಾಟ್ ಹತ್ತಬೇಡಿ. ಕೆಲವು ಕಣ್ಣಿನ ತೊಂದರೆಗಳಲ್ಲಿ ಪೆಟ್ಟು ಬಿದ್ದರೆ ಕಣ್ಣಿನ ಒಳಗಿನ ಪೊರೆ, ಅಂದರೆ ಅಕ್ಷಿಪಟಲ (ರೆಟಿನಾ) ಕಳಚುವ ಅಪಾಯ ಜಾಸ್ತಿ. ಇವಳನ್ನು ಪರೀಕ್ಷಿಸಿ ಡಾಕ್ಟರು ಒಪ್ಪಿದರು. ಇನ್ನೊಂದು ಮಾತನ್ನು ತಾಯಿಗೆ ಒತ್ತಿ ಹೇಳಿದೆ: ಆತ್ಮರಕ್ಷಣೆಗೆ ಅಂತ ಹೇಳಿ ಕಳಿಸಬೇಡಿ. ಮೊದಲೇ ಹೆದರಿದ ಹುಡುಗಿಗೆ "ಯಾರಾದರೂ ಮೈಮೇಲೆ ಬಂದರೆ ಬೇಕಾಗುತ್ತದೆ" ಅಂದರೆ ಹೆದರಿಕೆ ಇನ್ನೂ ಬಲಿಯುತ್ತದೆ, ಅಲ್ವಾ?

ಕೋಚ್ ಜೊತೆಗೂ ಮಾತಾಡಿದೆ. ಅವಳಿಗೆ ಬೇರೆ ಬ್ಯಾಚ್ ಬೇಡ, ಎಲ್ಲರ ಜೊತೆಗೇ ಕಲಿಯಲಿ. ಮುಟ್ಟುವ ಮೊದಲು ಬಾಯಿಬಿಟ್ಟು ಹೇಳಿ. ಪಟ್ಟು ತೋರಿಸುವಾಗ "ಹೀಗೆ" ಅನ್ನಬೇಡಿ. "ಬಲಗೈಯಲ್ಲಿ ಅವಳ ಕಾಲರ್ ಹಿಡಿ" ಅನ್ನಿ. ಜೋಡಿಗೆ ಹುಡುಗಿಯರೇ ಇರಲಿ, ತರಗತಿಯಲ್ಲಿ ಇನ್ನೊಬ್ಬ ಹಿರಿಯ ಹೆಂಗಸು ಇರಲಿ.

ಶುರುವಿನ ವಾರಗಳು ಬರೀ ಬೀಳುವ ಅಭ್ಯಾಸ. ಗದ್ದ ಎದೆಗೆ ಒತ್ತಿ, ತೋಳಿನಿಂದ ಮ್ಯಾಟಿಗೆ ಬಡಿದು ಬೀಳಬೇಕು. ಕೂತು ನೋಡಿದ ತಾಯಿಗೆ ಅದೇ ದೊಡ್ಡ ಚಿಕಿತ್ಸೆಯಾಯಿತು. ಮಗಳು ದಿನವೂ ಬಿದ್ದು ಏಳುತ್ತಿದ್ದಳು.

ಆಮೇಲೆ ಹುಡುಗಿ ಒಂದಿನ ಬಿಟ್ಟುಬಿಡುತ್ತೇನೆ ಅಂದಳು. "ನಾ ಎಳದ್ರ ಸಾಕು, ಅವ್ರು ಬೇಕಂತ್ಲೇ ಬೀಳ್ತಾರ್ರಿ ಮೇಡಂ." ಶಾಲೆಯ ಕರುಣೆ ಇಲ್ಲಿಗೂ ಬಂದಿತ್ತು. ಕೋಚ್‌ಗೆ ನಾನೇ ಹೇಳಬಹುದಿತ್ತು, ಹೇಳಲಿಲ್ಲ. "ನಿನ್ನ ಜೋಡಿಗೆ ನೀನೇ ಹೇಳು. ಸಿಟ್ಟಿಲ್ಲದೆ, ಆದರೆ ನೇರವಾಗಿ" ಅಂದೆ. ಹೇಗೆ ಹೇಳುವುದು ಅಂತ ನನ್ನೆದುರೇ ಆಡಿ ತೋರಿಸಲು ಹೇಳಿದೆ. ಮುಂದಿನ ವಾರ ಫೋನ್ ಬಂತು. ಜೋಡಿಯ ಹುಡುಗಿ ಇವಳನ್ನು ಸರಿಯಾಗಿ ಎತ್ತಿ ಹಾಕಿದ್ದಳಂತೆ. ಇಷ್ಟು ಜೋರಾಗಿ ಅವಳು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎಲ್ಲವೂ ಸರಿಹೋಗಿಲ್ಲ. ಸಂಜೆ ಬೆಳಕು ಇಳಿದ ಮೇಲೆ ಇವತ್ತಿಗೂ ಹೆದರುತ್ತಾಳೆ. ಅದಕ್ಕೆ ಬಿಳಿ ಕೋಲಿನ ತರಬೇತಿಯೇ ಬೇಕು, ಜೂಡೋ ಸಾಲದು. ಅದನ್ನೂ ಶುರು ಮಾಡಿಸಿದ್ದೇವೆ. ಪಿಯುಸಿಗೂ ಸೇರಿದ್ದಾಳೆ. ಈಗಿನ ತಕರಾರು, ಬೇರೆ ಜಿಲ್ಲೆಯ ಶಿಬಿರಕ್ಕೆ ಜೋಡಿಯ ಹುಡುಗಿಯ ಜೊತೆ ಹೋಗಬೇಕಂತೆ. ತಾಯಿಗೆ ಹೇಳಿದ್ದೇನೆ: ಮೊದಲ ಸಲ ನೀವೂ ಆ ಊರಿಗೆ ಹೋಗಿ, ಆದರೆ ನೀವು ಉಳಿಯುವುದು ಶಿಬಿರದಲ್ಲಲ್ಲ, ನೆಂಟರ ಮನೆಯಲ್ಲಿ.