ಸ್ಕ್ಯಾನ್‌ನಲ್ಲಿ ಕಾಣದ ಜಠರದ ಕ್ಯಾನ್ಸರ್ ಹೊಟ್ಟೆಯೊಳಗೆ ಹರಡುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಕೆಲವು ತಿಂಗಳಿಂದ ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿದಂತಾಗುತ್ತಿತ್ತು, ತೂಕವೂ ಇಳಿಯಿತು. ಎಂಡೋಸ್ಕೋಪಿ ಮಾಡಿ, ಬಯಾಪ್ಸಿ ತೆಗೆದು, ಜಠರದ ಕ್ಯಾನ್ಸರ್ ಎಂದರು. ವರದಿಯಲ್ಲಿ ‘ಸಿಗ್ನೆಟ್ ರಿಂಗ್ ಕೋಶಗಳು’ ಎಂದಿದೆ. ಸಿಟಿ ಸ್ಕ್ಯಾನ್ ಪ್ರಕಾರ ಬೇರೆಲ್ಲೂ ಹರಡಿರಲಿಲ್ಲ. ಆದರೆ ಆಪರೇಷನ್‌ಗೆ ಮುಂಚೆ ಲ್ಯಾಪರೋಸ್ಕೋಪಿ ಮಾಡಿದಾಗ, ಒಳಗೆಲ್ಲ ರವೆ ಚೆಲ್ಲಿದಂತೆ ಬಿಳಿ ಕಾಳುಗಳಿವೆ, ಈಗ ಜಠರ ತೆಗೆಯುವುದು ಬೇಡ, ಕೀಮೋ ಕೊಡೋಣ ಎಂದರು. ಸ್ಕ್ಯಾನ್‌ನಲ್ಲಿ ಇಲ್ಲದ್ದು ಹತ್ತೇ ದಿನದಲ್ಲಿ ಎಲ್ಲಿಂದ ಬಂತು? ಬಯಾಪ್ಸಿಗೆ ಚಿವುಟಿದ್ದರಿಂದ, ಹೊಟ್ಟೆಯೊಳಗೆ ಗಾಳಿ ತುಂಬಿದ್ದರಿಂದಲೇ ಹರಡಿತು ಎನ್ನುತ್ತಾರೆ ದೊಡ್ಡಪ್ಪ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವಳು ನಾನು. ರಾತ್ರಿ ನಿದ್ದೆ ಬರುತ್ತಿಲ್ಲ. ಆ ಕಾಳುಗಳನ್ನು ತೊಳೆದು ತೆಗೆಯಲು ಆಗುವುದಿಲ್ಲವೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಸಹಿಗೂ ಆ ಕಾಳುಗಳಿಗೂ ಯಾವ ಸಂಬಂಧವೂ ಇಲ್ಲ. ಇದನ್ನು ದೊಡ್ಡಪ್ಪನವರಿಗೂ ಓದಿ ಹೇಳಿ. ಲ್ಯಾಪರೋಸ್ಕೋಪಿಯಲ್ಲಿ ಒಳಗೆ ಬಿಡುವುದು ಕಾರ್ಬನ್ ಡೈಆಕ್ಸೈಡ್ ಅನಿಲ. ಹೊಟ್ಟೆಯ ಗೋಡೆ ಮೇಲೆದ್ದು ಕ್ಯಾಮೆರಾ ಆಡಿಸಲು ಜಾಗವಾಗಲಿ ಎಂದಷ್ಟೇ ಅದನ್ನು ತುಂಬುತ್ತಾರೆ. ಕ್ಯಾಮೆರಾ ಇಳಿಸಿದೊಡನೆ ಕಾಳುಗಳು ಕಂಡವೆಂದರೆ ಅವು ಮೊದಲೇ ಅಲ್ಲಿದ್ದವು. ಕಣ್ಣಿಗೆ ಕಾಣುವಷ್ಟು ದೊಡ್ಡದಾಗಲು ಒಂದೊಂದು ಕಾಳಿನಲ್ಲೂ ಲಕ್ಷಗಟ್ಟಲೆ ಕೋಶಗಳು ಸೇರಬೇಕು. ಅದು ಹತ್ತು ದಿನದಲ್ಲಿ ಆಗುವ ಬೆಳವಣಿಗೆಯಲ್ಲ. ಬಯಾಪ್ಸಿಯ ಇಕ್ಕಳ ತಾಗುವುದು ಜಠರದ ಒಳಮೈಗೆ, ಅನ್ನ ಬಂದು ಬೀಳುವ ಬದಿಗೆ. ಕಾಳುಗಳಿರುವುದು ಜಠರದ ಹೊರಗೆ. ಸ್ಕ್ಯಾನ್ ತಪ್ಪಾಗಿತ್ತು ಎಂದೂ ತಿಳಿಯಬೇಡಿ. ಐದು ಮಿಲಿಮೀಟರಿಗಿಂತ ಚಿಕ್ಕದಾದ, ಪೊರೆಗೆ ಅಂಟಿಕೊಂಡ ಗಂಟುಗಳು ಸಿಟಿಯಲ್ಲಿ ಬಹಳ ಸಲ ಕಾಣುವುದೇ ಇಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ ಒಳಗೆ ನೋಡುವುದು ಅದಕ್ಕಾಗಿಯೇ. ನಿಮ್ಮ ವೈದ್ಯರು ಹಾಗೆ ನೋಡಿದ್ದರಿಂದ ತಂದೆಯವರು ಉಪಯೋಗವಿಲ್ಲದ ಒಂದು ದೊಡ್ಡ ಆಪರೇಷನ್‌ನಿಂದ ಪಾರಾದರು.

ಹಾಗಾದರೆ ಹರಡಿದ್ದು ಹೇಗೆ? ಜಠರದ ಕ್ಯಾನ್ಸರ್ ಹುಟ್ಟುವುದು ಒಳಗಿನ ಲೋಳೆಪೊರೆಯಲ್ಲಿ. ಅಲ್ಲಿನ ಆರೋಗ್ಯವಂತ ಕೋಶಗಳು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನಿಂದ ಅಕ್ಕಪಕ್ಕದ ಕೋಶಗಳನ್ನು ಹಿಡಿದುಕೊಂಡಿರುತ್ತವೆ. 1965ರಲ್ಲಿ ಫಿನ್ಲೆಂಡಿನ ರೋಗಶಾಸ್ತ್ರಜ್ಞ ಪೆಕ್ಕಾ ಲೌರೆನ್ ಜಠರದ ಕ್ಯಾನ್ಸರನ್ನು ಎರಡು ಮುಖ್ಯ ಬಗೆಯಾಗಿ ವಿಂಗಡಿಸಿದರು. ಒಂದರಲ್ಲಿ ಕೋಶಗಳು ಗ್ರಂಥಿಗಳಂತೆ ಗುಂಪುಗೂಡಿ ಬೆಳೆಯುತ್ತವೆ. ಅದು ರಕ್ತದ ದಾರಿ ಹಿಡಿದು ಯಕೃತ್ತಿಗೆ ಹೋಗುವುದು ಹೆಚ್ಚು. ಇನ್ನೊಂದು, ಚದುರಿದ ಬಗೆ. ಇದರಲ್ಲಿ ಇ-ಕ್ಯಾಡ್ಹೆರಿನ್ ಬಹಳ ಸಲ ಕೆಟ್ಟಿರುತ್ತದೆ ಅಥವಾ ಇರುವುದೇ ಇಲ್ಲ. ಹಿಡಿತ ತಪ್ಪಿದ ಕೋಶಗಳು ಒಂಟೊಂಟಿಯಾಗಿ, ಸಣ್ಣ ಸಾಲುಗಳಾಗಿ ಜಠರದ ಗೋಡೆಯೊಳಗೆ ನುಸುಳುತ್ತವೆ. ತಂದೆಯವರ ವರದಿಯಲ್ಲಿರುವ ಸಿಗ್ನೆಟ್ ರಿಂಗ್ ಕೋಶಗಳು ಈ ಗುಂಪಿನವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ಒಳಗೆಲ್ಲ ಲೋಳೆ ತುಂಬಿ ಉಬ್ಬಿರುತ್ತದೆ, ಕೋಶಕೇಂದ್ರ ಒಂದು ಅಂಚಿಗೆ ಒತ್ತಿಕೊಂಡು ಚಪ್ಪಟೆಯಾಗಿರುತ್ತದೆ.

ಹೀಗೆ ನುಸುಳುತ್ತಾ ಅವು ಸ್ನಾಯುಪದರವನ್ನು ದಾಟಿ ಜಠರದ ಹೊರಪೊರೆಯನ್ನೂ ಭೇದಿಸಿದಾಗ ವರದಿಯಲ್ಲಿ ‘ಟಿ4ಎ’ ಎಂದು ಬರೆಯುತ್ತಾರೆ. ಅದರಾಚೆ ಇರುವುದು ಉದರದ ಕುಹರ. ಅದರ ಒಳಮೈಯನ್ನೂ ಅಂಗಗಳನ್ನೂ ಹೊದ್ದಿರುವ ಪೆರಿಟೋನಿಯಂ ಎಂಬ ಪೊರೆಯನ್ನು ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ನಮ್ಮ ಚರ್ಮದಷ್ಟೇ ವಿಸ್ತಾರವಾಗುತ್ತದೆ.

ಕುಹರಕ್ಕೆ ಉದುರಿದ ಕೋಶಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ. ಆಸರೆ ತಪ್ಪಿದ ಕೋಶ ತನ್ನಷ್ಟಕ್ಕೆ ಸಾಯಬೇಕೆಂಬುದು ದೇಹದ ಏರ್ಪಾಡು; ಇದಕ್ಕೆ ಅನೋಯ್ಕಿಸ್ ಎನ್ನುತ್ತೇವೆ. ಕೆಲವು ಕ್ಯಾನ್ಸರ್ ಕೋಶಗಳು ಈ ಆಜ್ಞೆಯನ್ನು ಮೀರಿ, ಪುಟ್ಟ ಗುಂಪುಗಳಾಗಿ ತೇಲುತ್ತಾ ಜೀವ ಹಿಡಿದುಕೊಳ್ಳುತ್ತವೆ. ಹೊಟ್ಟೆಯೊಳಗೆ ಯಾವಾಗಲೂ ಇರುವ ಕೆಲವೇ ಚಮಚೆಯಷ್ಟು ದ್ರವ ನಿಂತಲ್ಲಿ ನಿಲ್ಲುವುದಿಲ್ಲ. ಭಾರಕ್ಕೆ ಕೆಳಹೊಟ್ಟೆಗೆ ಇಳಿಯುತ್ತದೆ, ಉಸಿರಾಟದ ಸೆಳೆತಕ್ಕೆ ದೊಡ್ಡ ಕರುಳಿನ ಬಲಪಕ್ಕದ ಓಣಿಯಲ್ಲಿ ಏರಿ ವಪೆಯ ಕೆಳಗೆ ಸೇರುತ್ತದೆ. ಆದ್ದರಿಂದಲೇ ಲ್ಯಾಪರೋಸ್ಕೋಪಿ ಮಾಡುವವರು ವಪೆಯ ಅಡಿ, ಕರುಳಿನ ಪಕ್ಕದ ಓಣಿಗಳು ಮತ್ತು ಕಿಬ್ಬೊಟ್ಟೆಯ ತಳವನ್ನು ಹುಡುಕಿ ನೋಡುತ್ತಾರೆ.

ತೇಲುವ ಕೋಶ ಅಂಟಿಕೊಳ್ಳುವ ಹಂತವೇ ಈ ಕಾಯಿಲೆಯ ತಿರುವು. ಪೆರಿಟೋನಿಯಂನ ಮೇಲ್ಮೈ ಮೀಸೋಥೀಲಿಯಂ ಎಂಬ ಒಂದೇ ಸಾಲು ಚಪ್ಪಟೆ ಕೋಶಗಳದ್ದು. ಅಂಗಗಳು ಒಂದಕ್ಕೊಂದು ಅಂಟದಂತೆ, ನುಣುಪಾಗಿ ಜಾರುವಂತೆ ಕಾಯುವುದು ಅದರ ಕೆಲಸ. ಕ್ಯಾನ್ಸರ್ ಕೋಶಗಳೂ ಅವುಗಳಿಂದ ಕೆರಳಿದ ರಕ್ಷಣಾ ಕೋಶಗಳೂ ಸುರಿಸುವ ಸಂಕೇತ ರಾಸಾಯನಿಕಗಳಿಗೆ ಈ ಚಪ್ಪಟೆ ಕೋಶಗಳು ಕುಗ್ಗಿ ಗುಂಡಗಾಗುತ್ತವೆ. ನಡುವೆ ಸಂದು ಬಿಡುತ್ತದೆ, ಕೆಳಗಿನ ಕೊಲಾಜೆನ್ ತೆರೆದುಕೊಳ್ಳುತ್ತದೆ. ಕ್ಯಾನ್ಸರ್ ಕೋಶದ ಮೇಲಿನ ಇಂಟೆಗ್ರಿನ್ ಎಂಬ ಪ್ರೋಟೀನುಗಳು ಅದನ್ನೇ ಹಿಡಿದು ನಿಲ್ಲುತ್ತವೆ. ಬಳಿಕ ಕಿಣ್ವಗಳಿಂದ ಅಂಗಾಂಶವನ್ನು ಕರಗಿಸಿ ಒಳಗೆ ಇಳಿಯುತ್ತವೆ. ಜಠರದಿಂದ ಜೋತುಬಿದ್ದ ಕೊಬ್ಬಿನ ಪರದೆ ಒಮೆಂಟಮ್‌ನಲ್ಲಂತೂ ‘ಹಾಲುಚುಕ್ಕೆ’ ಎಂದು ಕರೆಯುವ ರಕ್ಷಣಾ ಕೋಶಗಳ ತಾಣಗಳಿವೆ. ಅಲ್ಲಿ ಮೀಸೋಥೀಲಿಯಂ ಸಾಲು ಮೊದಲೇ ಬಿಡಿಬಿಡಿಯಾಗಿರುವುದರಿಂದ ಕ್ಯಾನ್ಸರ್ ಕೋಶಗಳು ಮೊದಮೊದಲು ಸೇರಿಕೊಳ್ಳುವುದು ಅಲ್ಲಿಯೇ. ಸೋಂಕನ್ನು ಹಿಡಿಯಲು ಇರುವ ಜಾಗವೇ ಕಾಯಿಲೆಗೆ ನೆಲೆಯಾಗುವುದನ್ನು ಕಂಡಾಗ ಇಷ್ಟು ವರ್ಷಗಳ ಬಳಿಕವೂ ನನಗೆ ಸಂಕಟವಾಗುತ್ತದೆ.

ಅಂಟಿದ ಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಸುರಿಸಿ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತವೆ. ಆ ನಾಳಗಳು ಸೋರುತ್ತವೆ. ದ್ರವ ಹೀರಬೇಕಾದ ವಪೆಯ ದುಗ್ಧನಾಳಗಳೂ ಕಟ್ಟಿಕೊಳ್ಳುತ್ತವೆ. ಮುಂದೆ ಹೊಟ್ಟೆಯಲ್ಲಿ ನೀರು ತುಂಬಿದರೆ ಅದರ ಕಾರಣ ಇದು.

ತೊಳೆಯುವ ಬಗ್ಗೆ ಕೇಳಿದ್ದೀರಿ. ತೊಳೆಯುವುದರಿಂದ ಪತ್ತೆ ಆಗುತ್ತದೆ, ವಾಸಿಯಾಗುವುದಿಲ್ಲ. ಲ್ಯಾಪರೋಸ್ಕೋಪಿಯಲ್ಲಿ ಸಲೈನ್ ಸುರಿದು, ಹೀರಿ, ಆ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಂದೂ ಕಾಳು ಕಾಣದಿದ್ದರೂ ನೀರಿನಲ್ಲಿ ಕ್ಯಾನ್ಸರ್ ಕೋಶ ಸಿಕ್ಕರೆ ಅದು ನಾಲ್ಕನೇ ಹಂತ. ಇನ್ನೂ ಕಾಳು ಮೂಡದವರಲ್ಲಿ ಜಠರ ತೆಗೆದ ಮೇಲೆ ಹತ್ತು ಲೀಟರ್ ಸಲೈನಿನಿಂದ ತೊಳೆದರೆ ಕಾಯಿಲೆ ಮರಳುವುದು ತಪ್ಪೀತೇ ಎಂದು ಏಷ್ಯಾದ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಪರೀಕ್ಷಿಸಿದವು. 2021ರಲ್ಲಿ ಪ್ರಕಟವಾದ ಆ ಎಕ್ಸ್‌ಪೆಲ್ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಬಿಸಿ ಮಾಡಿದ ಕೀಮೋ ದ್ರವವನ್ನು ಹೊಟ್ಟೆಯೊಳಗೆ ಹರಿಸುವ ‘ಹೈಪೆಕ್’ ಬಗ್ಗೆಯೂ ನಿಮಗೆ ಯಾರಾದರೂ ಹೇಳಬಹುದು. ಜರ್ಮನಿಯ ಗ್ಯಾಸ್ಟ್ರಿಪೆಕ್ ಪ್ರಯೋಗದಲ್ಲಿ ಅದು ಒಟ್ಟು ಆಯುಸ್ಸನ್ನು ಹೆಚ್ಚಿಸಲಿಲ್ಲ. ಅದಕ್ಕಾಗಿ ಹೊಲ ಮಾರುವ ಮುಂಚೆ ಎರಡನೆಯ ಕ್ಯಾನ್ಸರ್ ತಜ್ಞರ ಅಭಿಪ್ರಾಯ ಪಡೆಯಿರಿ.

ಕೀಮೋ ಆರಂಭಿಸುವ ಮುಂಚೆ ಬಯಾಪ್ಸಿಯ ತುಣುಕಿನಲ್ಲಿ, ಯಾವ ಔಷಧ ಹೊಂದೀತೆಂದು ತಿಳಿಸುವ ಹರ್2, ಎಂಎಸ್‌ಐ, ಪಿಡಿ-ಎಲ್1, ಕ್ಲಾಡಿನ್ 18.2 ಪರೀಕ್ಷೆಗಳಾಗಿವೆಯೇ ಎಂದು ಕೇಳಿ. ಕ್ಲಾಡಿನ್ 18.2 ಜಠರದ ಕೋಶಗಳ ನಡುವಿನ ಬೆಸುಗೆಯಲ್ಲಿ ಹುದುಗಿರುವ ಪ್ರೋಟೀನು. ಕ್ಯಾನ್ಸರಿನಲ್ಲಿ ಬೆಸುಗೆ ಬಿಚ್ಚಿದಾಗ ಅದು ಹೊರಗೆ ತೆರೆದುಕೊಳ್ಳುತ್ತದೆ, ಔಷಧಕ್ಕೆ ಗುರಿಯಾಗಿ ಸಿಗುತ್ತದೆ. ಅದನ್ನು ಹಿಡಿಯುವ ಜೋಲ್ಬಿಟಕ್ಸಿಮ್ಯಾಬ್‌ಗೆ 2024ರಲ್ಲಿ ಜಪಾನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟಿವೆ. ಈ ಹಂತದಲ್ಲಿ ಸಂಪೂರ್ಣ ಗುಣವಾಗುವುದು ಅಪರೂಪ. ಆ ಮಾತನ್ನು ನಿಮ್ಮಿಂದ ಮುಚ್ಚಿಡಲಾರೆ. ಆದರೆ ಕೀಮೋದಿಂದ ಕಾಯಿಲೆ ಹಿಮ್ಮೆಟ್ಟುವುದುಂಟು, ಚೆನ್ನಾಗಿ ಹಿಮ್ಮೆಟ್ಟಿದ ಕೆಲವರಿಗೆ ಮತ್ತೆ ಶಸ್ತ್ರಚಿಕಿತ್ಸೆಯ ವಿಚಾರ ಮಾಡುವುದೂ ಉಂಟು. ವಾಂತಿ ನಿಲ್ಲದೆ, ಹೊಟ್ಟೆ ಉಬ್ಬಿ, ಗಾಳಿಯೂ ಮಲವೂ ಹೋಗದಿದ್ದರೆ ಕರುಳು ಕಟ್ಟಿರಬಹುದು. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ನೋವು, ಊಟ, ನಿದ್ದೆಯನ್ನು ನೋಡಿಕೊಳ್ಳುವ ಉಪಶಮನ ಆರೈಕೆಯ ವೈದ್ಯರನ್ನು ಈಗಲೇ ಕಾಣಿರಿ.

ಪ್ರಶ್ನೆ: ನನ್ನ ಅಕ್ಕನಿಗೆ 43 ವರ್ಷ. ಅಂಡಾಶಯಗಳೆರಡರಲ್ಲೂ ಗಡ್ಡೆ ಇದೆಯೆಂದು ತೆಗೆದರು. ಮೂಲ ಜಠರದಲ್ಲಿದೆ ಎಂದು ಈಗ ವರದಿ ಬಂದಿದೆ. ಇದು ಸಾಧ್ಯವೇ? ಅವಳ ಮಕ್ಕಳಿಗೆ ಅಪಾಯವಿದೆಯೇ?
– ಓದುಗರು, ಶಿರಸಿ

ಉತ್ತರ: ಸಾಧ್ಯ. ಇದನ್ನು ಕ್ರುಕೆನ್‌ಬರ್ಗ್ ಗಡ್ಡೆ ಎನ್ನುತ್ತಾರೆ. 1896ರಲ್ಲಿ ಇದನ್ನು ವಿವರಿಸಿದ ಫ್ರೀಡ್ರಿಶ್ ಕ್ರುಕೆನ್‌ಬರ್ಗ್ ಇದು ಅಂಡಾಶಯದಲ್ಲೇ ಹುಟ್ಟಿದ್ದೆಂದು ಭಾವಿಸಿದ್ದರು. ಮೂಲ ಹೆಚ್ಚಾಗಿ ಜಠರ ಎಂಬುದು ಆಮೇಲೆ ತಿಳಿಯಿತು. ಕೋಶಗಳು ಮೇಲೆ ವಿವರಿಸಿದ ಹಾಗೆ ಕುಹರದ ಮೂಲಕವೂ, ದುಗ್ಧನಾಳ ಮತ್ತು ರಕ್ತದ ಮೂಲಕವೂ ಅಲ್ಲಿಗೆ ಸೇರಬಹುದು.

ಮಕ್ಕಳ ವಿಷಯ ಅಕ್ಕನ ಕ್ಯಾನ್ಸರಿನ ಬಗೆಯನ್ನು ಅವಲಂಬಿಸಿದೆ. ಇ-ಕ್ಯಾಡ್ಹೆರಿನ್ ತಯಾರಿಸುವ ಸಿಡಿಹೆಚ್1 ಜೀನ್ ಕೆಟ್ಟು ವಂಶದಲ್ಲಿ ಹರಿಯಬಹುದೆಂದು ನ್ಯೂಜಿಲೆಂಡಿನ ಮಾವೊರಿ ಕುಟುಂಬಗಳಿಂದ 1998ರಲ್ಲಿ ತಿಳಿದುಬಂತು. ಇಂಥ ಕುಟುಂಬಗಳು ವಿರಳ. ಆದರೂ ಐವತ್ತಕ್ಕಿಂತ ಮೊದಲು ಚದುರಿದ ಬಗೆಯ ಕ್ಯಾನ್ಸರ್ ಬಂದವರಿಗೆ ಜೀನ್ ಪರೀಕ್ಷೆ ಮಾಡುವುದು ಸೂಕ್ತ. ಅಕ್ಕನ ರಕ್ತವನ್ನೇ ಮೊದಲು ಪರೀಕ್ಷಿಸಬೇಕು, ಮಕ್ಕಳದ್ದನ್ನಲ್ಲ. ಇದೇ ಜೀನ್ ಕೆಟ್ಟ ಮನೆತನಗಳಲ್ಲಿ ಕಾಣಿಸಿಕೊಳ್ಳುವ ಲೋಬ್ಯುಲರ್ ಬಗೆಯ ಸ್ತನ ಕ್ಯಾನ್ಸರ್ ನಿಮ್ಮಲ್ಲಿ ಯಾರಿಗಾದರೂ ಇತ್ತೇ ಎಂದು ವಿಚಾರಿಸಿಕೊಂಡು ಹೋಗಿ. ಒಡಹುಟ್ಟಿದವರಾದ ನೀವೂ, ವಯಸ್ಕರಾದ ಮಕ್ಕಳೂ, ಜಠರದ ಕ್ಯಾನ್ಸರಿಗೆ ದಾರಿ ಮಾಡಬಲ್ಲ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕಿದೆಯೇ ಎಂದು ಪರೀಕ್ಷಿಸಿಕೊಂಡು, ಇದ್ದರೆ ಮಾತ್ರೆಗಳನ್ನು ಪೂರ್ತಿ ಅವಧಿಗೆ ನುಂಗಿರಿ.