ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಪತ್ರಿಕೆ, ಸರ್ಕಾರಿ ವರದಿ, ಹಿರಿಯರ ನೆನಪು

ಪ್ರಶ್ನೆ: ನಮ್ಮ ತಂದೆಯವರು ನಡೆಸುತ್ತಿದ್ದ ವಾರಪತ್ರಿಕೆಯ 1960ರ ದಶಕದ ಸಂಚಿಕೆಗಳು ವರ್ಷವಾರು ಬೈಂಡ್ ಆಗಿ ಅಟ್ಟದ ಮೇಲಿವೆ. ಮುಟ್ಟಿದರೆ ಅಂಚು ಪುಡಿಯಾಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಕಾಗದವನ್ನು ರದ್ದಿಗೆ ಹಾಕಬಹುದೇ?
– ಓದುಗರು, ಸಾಗರ

ಉತ್ತರ: ದಯವಿಟ್ಟು ರದ್ದಿಗೆ ಹಾಕಬೇಡಿ. ಸ್ಕ್ಯಾನ್ ಎಷ್ಟೇ ಚೆನ್ನಾಗಿ ಬಂದರೂ ಮುಂದೊಂದು ದಿನ ಅನುಮಾನ ಬಂದಾಗ ತೆರೆದು ನೋಡಬೇಕಾದದ್ದು ಮೂಲ ಪ್ರತಿಯನ್ನೇ. ಪತ್ರಿಕೆಯ ಕಾಗದ ಮರದ ತಿರುಳನ್ನು ಅರೆದು ಮಾಡಿದ್ದು. ಅದರಲ್ಲಿ ಉಳಿಯುವ ಲಿಗ್ನಿನ್ ಎಂಬ ವಸ್ತು ಗಾಳಿ, ಬೆಳಕು ತಾಗಿದಂತೆಲ್ಲ ಆಮ್ಲವನ್ನು ಹುಟ್ಟಿಸುತ್ತದೆ, ಆ ಆಮ್ಲ ಕಾಗದದ ನಾರನ್ನೇ ಕಡಿಯುತ್ತದೆ. ಬೇಸಿಗೆಯಲ್ಲಿ ಕಾದು ಮಳೆಗಾಲದಲ್ಲಿ ತೇವ ಹಿಡಿಯುವ ಹೆಂಚಿನ ಮನೆಯ ಅಟ್ಟ ಅದಕ್ಕೆ ಅತ್ಯಂತ ಕೆಟ್ಟ ಜಾಗ. ಮೊದಲು ಕೆಳಗಿಳಿಸಿ, ಗಾಳಿಯಾಡುವ ಕಪಾಟಿನಲ್ಲಿ ಅಡ್ಡಡ್ಡ ಮಲಗಿಸಿಡಿ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬೇಡಿ. ಅದರ ಅಂಟು ಕೆಲವೇ ವರ್ಷಗಳಲ್ಲಿ ಅಕ್ಷರಗಳನ್ನೂ ಕಂದಾಗಿಸುತ್ತದೆ.

ಬೈಂಡನ್ನು ಪೂರ್ತಿ ಬಿಡಿಸಿ ಚಪ್ಪಟೆಯಾಗಿ ಒತ್ತಿದರೆ ಬೆನ್ನು ಮುರಿಯುತ್ತದೆ. ಇಳಿಜಾರಾದ ಎರಡು ಹಲಗೆಗಳ ನಡುವೆ ಅರ್ಧ ತೆರೆದಿಟ್ಟು, ಎರಡೂ ಬದಿಯಿಂದ ಸಮನಾದ ಬೆಳಕು ಬಿಟ್ಟು, ಮೇಲಿನಿಂದ ಕ್ಯಾಮೆರಾದಲ್ಲಿ ಒಂದೊಂದೇ ಪುಟ ತೆಗೆಯುವುದು ಕ್ಷೇಮ. ಇಂಚಿಗೆ 300ರಿಂದ 400 ಚುಕ್ಕಿಗಳ ಸ್ಪಷ್ಟತೆ ಇರಲಿ. ಮೂಲ ಚಿತ್ರಗಳು ಟಿಫ್ ಎಂಬ, ಗುಣಮಟ್ಟ ಕುಗ್ಗಿಸದ ಕಡತದ ರೂಪದಲ್ಲಿರಲಿ. ಓದುವುದಕ್ಕೆ ಪಿಡಿಎಫ್ ಬೇರೆ ಮಾಡಿಕೊಳ್ಳಿ.

ಸುದ್ದಿಯನ್ನು ಮಾತ್ರ ಆರಿಸಿ ತೆಗೆಯುವ ಆಸೆಗೆ ಬೀಳಬೇಡಿ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಶರಾವತಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಭೂಮಿ ಹಕ್ಕಿನ ಪ್ರಶ್ನೆ ದಶಕಗಳು ಕಳೆದರೂ ಮುಗಿದಿಲ್ಲ. ಆ ವರ್ಷಗಳ ಸಂಚಿಕೆಯೊಂದರ ಮೂಲೆಯಲ್ಲಿ ಅಚ್ಚಾಗಿರಬಹುದಾದ ಜಮೀನು ಹಂಚಿಕೆಯ ಪ್ರಕಟಣೆ, ಹರಾಜಿನ ನೋಟಿಸು, ಅಡಿಕೆ ಧಾರಣೆ ಇವೆಲ್ಲ ಮುಖಪುಟದ ಭಾಷಣದ ವರದಿಗಿಂತ ಹೆಚ್ಚು ಜನರಿಗೆ ಬೇಕಾಗುತ್ತವೆ. ಕೊನೆಯ ಪುಟದ ಅಡಿಯಲ್ಲಿರುವ ಮುದ್ರಕರು, ಪ್ರಕಾಶಕರು ಎಂಬ ಸಾಲನ್ನೂ ಬಿಡಬೇಡಿ. ಪತ್ರಿಕೆ ಯಾರದು, ಎಲ್ಲಿ ಅಚ್ಚಾಯಿತು ಎಂಬುದಕ್ಕೆ ಅದೇ ಸಾಕ್ಷಿ. ಕಡತದ ಹೆಸರಿನಲ್ಲೇ ಪತ್ರಿಕೆ, ವರ್ಷ, ತಿಂಗಳು, ದಿನ, ಪುಟ ಇದ್ದರೆ ಮುಂದೆ ಯಾರೂ ತಡಕಾಡಬೇಕಾಗುವುದಿಲ್ಲ. ಪ್ರತಿಗಳು ಮೂರಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. ಪ್ರಕಾಶಕರು ಪತ್ರಿಕೆಯ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳುಹಿಸಬೇಕೆಂದು 1954ರ ಕಾಯ್ದೆಗೆ 1956ರಲ್ಲಿ ತಿದ್ದುಪಡಿಯಾಯಿತು, ನಿಜ. ಆದರೆ ತಾಲ್ಲೂಕು ಮಟ್ಟದ ಸಣ್ಣ ಪತ್ರಿಕೆಗಳೆಲ್ಲ ಅಲ್ಲಿ ಸುರಕ್ಷಿತವಾಗಿವೆ ಎಂದು ನಂಬಿ ಕೂರುವಂತಿಲ್ಲ. ನಿಮ್ಮ ಅಟ್ಟದ ಮೇಲಿರುವುದೇ ಏಕೈಕ ಪೂರ್ಣ ಸಂಗ್ರಹವೆಂದು ಭಾವಿಸಿ ನಡೆದುಕೊಳ್ಳಿ.

ಪ್ರಶ್ನೆ: ಸರ್ಕಾರದ ಹಳೆಯ ಆಯೋಗಗಳ ವರದಿಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಮಾಡಲು ಕಾನೂನಿನ ಅಡ್ಡಿ ಇದೆಯೇ?
– ಕಾಲೇಜು ಅಧ್ಯಾಪಕರು, ಧಾರವಾಡ

ಉತ್ತರ: ಸರ್ಕಾರ ನೇಮಿಸಿದ ಸಮಿತಿ ಅಥವಾ ಆಯೋಗದ ವರದಿ ಶಾಸನಸಭೆಯಲ್ಲಿ ಮಂಡನೆಯಾಗಿದ್ದರೆ, ಸರ್ಕಾರ ನಿಷೇಧಿಸದ ಹೊರತು ಅದನ್ನು ಮರುಪ್ರಕಟಿಸಲು 1957ರ ಹಕ್ಕುಸ್ವಾಮ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆ. ಉಳಿದ ಸರ್ಕಾರಿ ಪ್ರಕಟಣೆಗಳ ಹಕ್ಕು ಪ್ರಕಟವಾದ 60 ವರ್ಷಗಳ ಬಳಿಕ ಮುಗಿಯುತ್ತದೆ.

ಕಾನೂನಿಗಿಂತ ದೊಡ್ಡ ತೊಡಕು ಅಕ್ಷರಗಳಲ್ಲಿದೆ. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತವಾದ ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಪಠ್ಯ ಪರದೆಯ ಮೇಲೆ ಕನ್ನಡವಾಗಿ ಕಂಡರೂ, ನಕಲಿಸಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗುತ್ತದೆ. ಹೀಗಾಗಿ ಹುಡುಕಿದರೂ ಸಿಗುವುದಿಲ್ಲ. ಅದನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ತರಬೇಕು. ಅಚ್ಚಿನ ಪುಟವಾದರೆ ಯಂತ್ರ ಓದಿದ ಪಠ್ಯವನ್ನು ಮನುಷ್ಯರು ಒಮ್ಮೆ ತಾಳೆ ನೋಡಲೇಬೇಕು, ಏಕೆಂದರೆ ಸವೆದ ಅಚ್ಚುಮೊಳೆಯಲ್ಲಿ ಅರ್ಕಾವತ್ತು ಕನ್ನಡದ ಒಂಬತ್ತರಂತೆಯೂ, ಸೊನ್ನೆ ಅನುಸ್ವಾರದಂತೆಯೂ ಓದಿಕೊಳ್ಳುತ್ತದೆ. 2002ರ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅಂಥ ವರದಿಯಲ್ಲಿ ಜೀವವಿರುವುದು ಕೋಷ್ಟಕಗಳಲ್ಲಿ. ಒಂದು ಅಂಕಿ ಜಾರಿದರೆ ಒಂದು ತಾಲ್ಲೂಕಿನ ಲೆಕ್ಕವೇ ತಪ್ಪುತ್ತದೆ.

ಪ್ರಶ್ನೆ: ನಮ್ಮ ದೊಡ್ಡಪ್ಪ 1971ರ ಯುದ್ಧದಲ್ಲಿ ಸೈನಿಕರಾಗಿದ್ದರು. ಅವರ ನೆನಪುಗಳನ್ನು ದಾಖಲಿಸಲು ಹೊರಟಿದ್ದೇವೆ. ಅವರು ಹೇಳುವ ದಿನಾಂಕಗಳು ಕೆಲವೆಡೆ ಪುಸ್ತಕಗಳಿಗೆ ಹೊಂದುತ್ತಿಲ್ಲ. ಮಾತೂ ಕೊಡವ ತಕ್ಕಿನಲ್ಲಿದೆ. ತಿದ್ದಿ ಕನ್ನಡದಲ್ಲಿ ಬರೆದಿಡಬೇಕೇ?
– ಓದುಗರು, ಮಡಿಕೇರಿ

ಉತ್ತರ: ಮೂರೂ ಪ್ರಶ್ನೆಗಳಲ್ಲಿ ತುರ್ತಾದದ್ದು ಇದು. ವರದಿಗೆ ಇನ್ನೊಂದು ಪ್ರತಿ ಎಲ್ಲಾದರೂ ಸಿಗಬಹುದು. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಉಪಕರಣಕ್ಕಾಗಿ ಕಾಯದೆ ಈ ವಾರವೇ ಆರಂಭಿಸಿ.

ಅವರ ಮಾತು ಕೊಡವ ತಕ್ಕಿನಲ್ಲೇ ಇರಲಿ. ಕನ್ನಡ ಅನುವಾದವನ್ನು ಪಕ್ಕದಲ್ಲಿಡಿ, ಮೂಲದ ಜಾಗದಲ್ಲಿ ಅಲ್ಲ. ದಿನಾಂಕವನ್ನು ಧ್ವನಿಯಲ್ಲಾಗಲಿ ಬರಹದಲ್ಲಾಗಲಿ ತಿದ್ದಬೇಡಿ. ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16ರವರೆಗೆ ಎಂಬಂಥ ದಾಖಲಿತ ಸಂಗತಿಯನ್ನು ಟಿಪ್ಪಣಿಯಾಗಿ ಬೇರೆ ಬರೆಯಿರಿ. ಹಿಂದಿನ ತಿಂಗಳುಗಳ ಗಡಿ ಕಾವಲು, ರೈಲು ಪ್ರಯಾಣ, ಕದನವಿರಾಮದ ಬಳಿಕದ ದಿನಗಳು ಇವೆಲ್ಲ ಸೈನಿಕನ ನೆನಪಿನಲ್ಲಿ ಯುದ್ಧವೇ ಆಗಿರುವುದುಂಟು. ನೀವು ತಪ್ಪೆಂದುಕೊಂಡದ್ದು ಪುಸ್ತಕ ಬಿಟ್ಟುಬಿಟ್ಟ ಭಾಗವಾಗಿರಬಹುದು.

ಫ್ಯಾನ್ ನಿಲ್ಲಿಸಿ, ಮೈಕನ್ನು ಅವರ ಹತ್ತಿರವಿಟ್ಟು, ಧ್ವನಿಯನ್ನು ವೇವ್ ಎಂಬ, ಕುಗ್ಗಿಸದ ಕಡತವಾಗಿ ಮುದ್ರಿಸಿಕೊಳ್ಳಿ. ಹಳೆಯ ಫೋಟೊ, ಮನೆಗೆ ಬರೆದ ಕಾಗದ, ಸರ್ವೀಸ್ ಪುಸ್ತಕ ಮುಂದಿಟ್ಟರೆ ಪ್ರಶ್ನಾವಳಿಗಿಂತ ಚೆನ್ನಾಗಿ ಮಾತು ಹೊರಡುತ್ತದೆ. ಫೋಟೊದಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಊರನ್ನೂ ಅವರ ಬಾಯಿಂದಲೇ ಹೇಳಿಸಿ. ಅವರ ನಂತರ ಆ ಮುಖಗಳನ್ನು ಗುರುತಿಸುವವರು ಇರುವುದಿಲ್ಲ. ಅವರು ಮೌನವಾದರೆ ಕಾಯಿರಿ, ಹೇಳಲು ಮನಸ್ಸಿಲ್ಲದ್ದನ್ನು ಒತ್ತಾಯಿಸಿ ಕೇಳಬೇಡಿ. ಯಾವ ಭಾಗ ಸಾರ್ವಜನಿಕವಾಗಬಹುದು, ಯಾವುದು ಇಷ್ಟು ವರ್ಷ ಮುಚ್ಚಿರಬೇಕು ಎಂಬುದನ್ನು ಅವರಿಂದಲೇ ಬರೆಸಿ ಸಹಿ ಪಡೆಯಿರಿ. ಎಷ್ಟನೆಯ ನಿಮಿಷದಲ್ಲಿ ಯಾವ ವಿಷಯ ಬರುತ್ತದೆ ಎಂಬ ಪಟ್ಟಿಯನ್ನು ಅದೇ ದಿನ ಸಂಜೆ ಮಾಡಿಡಿ. ಸಂಬಂಧಿಕರಿಗೆ ವಾಟ್ಸ್ಯಾಪಿನಲ್ಲಿ ಕಳುಹಿಸುವುದು ತಪ್ಪಲ್ಲ, ಆದರೆ ಅಲ್ಲಿ ಕುಗ್ಗಿ ಬರುವ ಪ್ರತಿಯನ್ನೇ ಮೂಲವೆಂದು ಉಳಿಸಿಕೊಂಡು, ರೆಕಾರ್ಡರಿನಲ್ಲಿರುವುದನ್ನು ಅಳಿಸಬೇಡಿ.